ಯಾರೂ ಓದದ ಹದಿನಾರು ಪುಟ

ಬೆಳಗಿನ ನಾಲ್ಕು ನಲವತ್ತು. ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಹುಂಜಗಳು ಇನ್ನೂ ಕೂಗಿಲ್ಲ. ಹದಿನಾರು ವರ್ಷಗಳಿಂದ ಅವು ಗವಿಸಿದ್ದಪ್ಪನ ಬಸ್ಸಿನ ಹಾರ್ನ್ ಕೇಳಿದ ಮೇಲೆಯೇ ಕೂಗುವುದು. ಆತ ರಜೆ ಹಾಕಿದ ದಿನ ಆ ಭಾಗದಲ್ಲಿ ಬೆಳಗೇ ಆಗುವುದಿಲ್ಲ ಎನ್ನುವವರಿದ್ದಾರೆ. ಯಶವಂತನಗರದ ಗಣಿಗೆ ಕೆಲಸಗಾರರನ್ನು ಒಯ್ಯುವ ಕಂಪನಿ ಬಸ್ಸು ಇದು. ಗಾಜಿನ ಮೇಲಿನ ಕೆಂಪು ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸ್ಟೀರಿಂಗ್‌ಗೆ ಕೈಮುಗಿದು, ಗವಿಸಿದ್ದಪ್ಪ ತಲೆಯ ಮೇಲಿನ ಕನ್ನಡಿಯನ್ನು ಹೊಂದಿಸುತ್ತಾನೆ. ಬೇರೆ ಡ್ರೈವರುಗಳ ಕನ್ನಡಿಯಲ್ಲಿ ಇಡೀ ಬಸ್ಸು ಕಾಣುತ್ತದೆ. ಈತನ ಕನ್ನಡಿಯಲ್ಲಿ ಕಾಣುವುದು ಒಂಬತ್ತನೇ ಸೀಟು ಒಂದೇ.

ಆ ಸೀಟಿನಲ್ಲಿ ಮರುಳಸಿದ್ದಮ್ಮ ಕೂತಿದ್ದಾಳೆ. ಗಣಿ ಕ್ಯಾಂಟೀನಿನ ಅಡುಗೆಯವಳು, ವಯಸ್ಸು ಐವತ್ತೆಂಟು, ಓದಿದ್ದು ಐದನೇ ಇಯತ್ತೆ. ಮೊಬೈಲಿನ ಬೆಳಕು ಹಿಡಿದು, ಸಾಲಿನ ಕೆಳಗೆ ತೋರುಬೆರಳು ಎಳೆಯುತ್ತ ಓದುತ್ತಿದ್ದಾಳೆ. ಕೈಯಲ್ಲಿರುವುದು ‘ಕಂಪ್ಲಿ ಹೊಳೆದಂಡೆಯ ಕೊಲೆ’ ಎಂಬ ಹೊಚ್ಚ ಹೊಸ ಪತ್ತೇದಾರಿ ಕಾದಂಬರಿ. ಬರೆದವನು ಗವಿಸಿದ್ದಪ್ಪ, ಪ್ರಕಟಿಸಿದವನು ಗವಿಸಿದ್ದಪ್ಪ, ಡ್ರೈವರ್ ಸೀಟಿನ ಕೆಳಗಿನ ರಟ್ಟಿನ ಪೆಟ್ಟಿಗೆಯಿಂದ ತೆಗೆದು ಮಾರಿದವನೂ ಗವಿಸಿದ್ದಪ್ಪ. ಪುಸ್ತಕದ ಕೊನೆಯ ಹದಿನಾರು ಪುಟಗಳನ್ನು ನೀಲಿ ದಾರದಿಂದ ಹೊಲಿದು ಮುಚ್ಚಿದೆ. ಕೊಲೆಗಾರ ಯಾರೆಂಬುದು ಅದರೊಳಗಿದೆ. ಮರುಳಸಿದ್ದಮ್ಮನ ಬೆರಳು ಆ ದಾರಕ್ಕೆ ಇನ್ನು ನಾಲ್ಕೇ ಹಾಳೆ ದೂರದಲ್ಲಿದೆ. ಚುನಾವಣೆಗೆ ನಿಂತವನು ಕೂಡ ಎಣಿಕೆಯ ದಿನ ಗವಿಸಿದ್ದಪ್ಪನಷ್ಟು ಬೆವರಿರಲಾರ.

ಕಂಪ್ಲಿ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂರು ಸಲ ಡಿಕ್ಕಿ ಹೊಡೆದು, ಅದಿರು ಲಾರಿಯ ಕ್ಲೀನರ್ ಆಗಿ, ಡ್ರೈವರ್ ಆಗಿ, ಕೊನೆಗೆ ಈ ಬಸ್ಸು ಹತ್ತಿದವನು ಗವಿಸಿದ್ದಪ್ಪ. ಸಾಹಿತ್ಯ ಅವನಿಗೆ ಸಿಕ್ಕಿದ್ದು ತೂಕದ ಲೆಕ್ಕದಲ್ಲಿ. ನಾಲ್ಕು ವರ್ಷದ ಹಿಂದೆ ಹೊಸಪೇಟೆ ಬಸ್‌ಸ್ಟ್ಯಾಂಡ್ ಹಿಂದಿನ ರದ್ದಿ ಅಂಗಡಿಯಲ್ಲಿ ಸೆಣಬಿನ ಹಗ್ಗ ಕಟ್ಟಿದ ಹನ್ನೊಂದು ಹಳೆಯ ಪುಸ್ತಕಗಳು ಕಂಡವು. ಅರ್ಧ ಓದಿದ್ದು ಇಲಿ, ಉಳಿದರ್ಧ ಗವಿಸಿದ್ದಪ್ಪ. ಅಜ್ಜನ ಕಾಲದ ಪತ್ತೇದಾರಿ ಕಥೆಗಳು ಅವು. ಕುದುರೆ ಮೇಲೆ ಬಂದು ಊರೆಲ್ಲ ನಡುಗುವಂತೆ ಗದರುವ ಜಮಾದಾರ ಕೆಂಚಪ್ಪ, ಅವನ ಜೊತೆಗೆ ಬಳೆ ಮಲಾರ ಹೊತ್ತು ಮನೆಮನೆಯ ಅಡುಗೆಮನೆಯ ತನಕ ಹೋಗಿ ಬರುವ ಬಳೆಗಾರ್ತಿ ತಿಪ್ಪವ್ವ. ಕೆಂಚಪ್ಪ ಗದರುತ್ತಾನೆ, ತಿಪ್ಪವ್ವ ಕಂಡುಹಿಡಿಯುತ್ತಾಳೆ. ಹನ್ನೊಂದೂ ಕಥೆಗಳಲ್ಲಿ ಇದೇ ವ್ಯವಸ್ಥೆ.

ಹನ್ನೊಂದು ಮುಗಿದ ಮೇಲೆ ಹನ್ನೆರಡನೆಯದು ಬೇಕೆನಿಸಿತು. ಇಲ್ಲದಿದ್ದರೆ ತಾನೇ ಬರೆಯಬೇಕು. ಆದರೆ ಇನ್ನೊಬ್ಬರ ಜಮಾದಾರನನ್ನು ಎತ್ತಿಕೊಂಡು ಬಂದರೆ ಪೊಲೀಸರು ಬಂದಾರೆಯೇ? ಹೊಸಪೇಟೆ ಕೋರ್ಟಿನ ವಕೀಲ ಕನಕರಾಜ್ ಪುಸ್ತಕ ತಿರುವಿ, ಬರೆದವರು ತೀರಿದ ಇಸವಿ ಹುಡುಕಿ, ಅರವತ್ತು ವರ್ಷ ದಾಟಿದ್ದರಿಂದ ಈ ಪಾತ್ರಗಳು ಈಗ ಊರ ಕೆರೆಯ ನೀರಿದ್ದಂತೆ, ಯಾರು ಬೇಕಾದರೂ ಕೊಡ ಅದ್ದಬಹುದು ಎಂದು ತೀರ್ಪು ಕೊಟ್ಟರು. ಗವಿಸಿದ್ದಪ್ಪ ಕುಣಿಯುತ್ತ ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಕುಣಿತ ನಿಂತಿತು. ಯಾರು ಬೇಕಾದರೂ ಎಂದರೆ ಯಾರು ಬೇಕಾದರೂ. ಅಂದಿನಿಂದ ಪ್ರತಿ ಭಾನುವಾರ ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರಿನ ಪುಸ್ತಕದಂಗಡಿಗಳಲ್ಲಿ ಬೇರೆ ಯಾರಾದರೂ ಕೆಂಚಪ್ಪನನ್ನು ಹಾರಿಸಿಕೊಂಡು ಹೋಗಿದ್ದಾರೆಯೇ ಎಂದು ಹುಡುಕುವುದೇ ಕೆಲಸ. “ನಿಶ್ಚಯ ಆದ ಹುಡುಗೀನ ಲಗ್ನದ ತನಕ ಕಾಯ್ದಂಗ ಕಾಯ್ದೀನ್ರಿ,” ಎನ್ನುತ್ತಾನೆ. “ಒಬ್ಬರೂ ಆ ಕಡಿ ತಿರುಗಿ ನೋಡಿಲ್ಲ, ಅದು ಬ್ಯಾರೆ ಮಾತು.”

ಆತನ ದಿನದ ಲೆಕ್ಕ ಹೀಗಿದೆ. ಸೀಟು ನಲವತ್ತೆರಡು, ಹೋಗುವಾಗ ಹಂಪ್ ಮೂವತ್ಮೂರು, ಬರುವಾಗ ಮೂವತ್ತನಾಲ್ಕು. ಈ ಒಂದು ಹಂಪ್ ಎಲ್ಲಿಂದ ಹೆಚ್ಚಾಗುತ್ತದೆ ಎಂಬುದನ್ನು ಜಮಾದಾರ ಕೆಂಚಪ್ಪನೂ ಪತ್ತೆ ಮಾಡಿಲ್ಲ. ಕೆಲಸಗಾರರನ್ನು ಇಳಿಸಿದ ಮೇಲೆ ಪಾಳಿ ಬಿಡುವ ತನಕ ಎಂಟು ಗಂಟೆ ಬೇವಿನ ಮರದ ಕೆಳಗೆ ಬಸ್ಸು, ಬಸ್ಸಿನಲ್ಲಿ ಗವಿಸಿದ್ದಪ್ಪ, ಎಂಜಿನ್ನಿನ ಮುಚ್ಚಳದ ಮೇಲೆ ನೋಟುಬುಕ್. ಮುಚ್ಚಳ ಬಿಸಿಯಿರುವಾಗ ಹೊಡೆದಾಟದ ಪ್ರಸಂಗ, ಆರಿದ ಮೇಲೆ ಮಾತುಕತೆ. ದಿನಕ್ಕೆ ಏಳು ಪುಟ. ಕೆಂಚಪ್ಪನ ಕುದುರೆಯನ್ನು ಮಾರಿಸಿ ಅವನನ್ನು ಕಂಪನಿ ಬಸ್ಸಿಗೆ ಹತ್ತಿಸಿದ್ದು, ತಿಪ್ಪವ್ವನ ಕೈಗೆ ಮೊಬೈಲ್ ಕೊಟ್ಟದ್ದು ಈ ಮುಚ್ಚಳದ ಮೇಲೆಯೇ.

ಮೊದಲ ಕಾದಂಬರಿ ಅದಿರು ಲಾರಿಗಳನ್ನು ತೂಗುವ ಕಟ್ಟೆಯ ಕಥೆ, ‘ತೂಕದ ಮನೆಯ ಕೊಲೆ’. ಆರು ಪ್ರಕಾಶಕರಿಗೆ ಕಳಿಸಿದ. ಒಬ್ಬರಿಂದಲೂ ಉತ್ತರವಿಲ್ಲ. ಕೊನೆಗೆ ಹೊಸಪೇಟೆಯ ಲಗ್ನಪತ್ರಿಕೆ ಮುದ್ರಿಸುವವರು ಇನ್ನೂರು ಪ್ರತಿ ಹಾಕಿಕೊಟ್ಟರು. ಮದುವೆ ಸೀಸನ್ನಿನಲ್ಲಿ ಉಳಿದ ರಟ್ಟೇ ಮುಖಪುಟವಾದ್ದರಿಂದ ಹೆಣದ ಚಿತ್ರದ ಸುತ್ತ ಬೆಳ್ಳಿ ಬಣ್ಣದ ಬಳ್ಳಿ ಹಬ್ಬಿದೆ, ಪುಸ್ತಕ ತೆರೆದರೆ ಗಂಧದ ವಾಸನೆ. ಪ್ರಕಾಶಕರ ವಿಳಾಸದ ಜಾಗದಲ್ಲಿ ಬಸ್ಸಿನ ನಂಬರು.

ದಾರದ ಉಪಾಯ ಹೆಂಡತಿ ವಿರುಪಮ್ಮನದು. ಬಸ್ಸಿನಲ್ಲಿ ಒಬ್ಬ ಓದಿ ಮುಗಿಸಿದರೆ ಸಾಕು, ಮುಂದಿನ ಸ್ಟಾಪಿನಷ್ಟರಲ್ಲಿ ಕೊಲೆಗಾರನ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಹೊಲಿದು ಕೊಟ್ಟರೆ ಕುತೂಹಲಕ್ಕಾದರೂ ತಾವೇ ಬಿಚ್ಚಿ ಓದುತ್ತಾರೆ ಎಂದು ಆಕೆ, ರವಿಕೆ ಹೊಲಿಯುವುದನ್ನು ಬದಿಗಿಟ್ಟು, ಇನ್ನೂರು ಪುಸ್ತಕಕ್ಕೂ ಟಾಕಾ ಹಾಕಿದಳು.

ಪುಸ್ತಕ ಮಾರಿದ ಮೂರನೇ ದಿನ, ಸಂಡೂರು ದಾಟುವ ಹೊತ್ತಿಗೆ, ಒಂಬತ್ತನೇ ಸೀಟಿನಿಂದ ಮರುಳಸಿದ್ದಮ್ಮ ದಾರ ಮುಟ್ಟದೆಯೇ ಹೇಳಿಬಿಟ್ಟಳು: ಕೊಂದವನು ತೂಕದ ಗುಮಾಸ್ತ. ಹಿಟಾಚಿ ಆಪರೇಟರ್ ಪಂಪೇಶ್ ತನ್ನ ಪುಸ್ತಕದ ದಾರ ಕಿತ್ತು ನೋಡಿದ. ಗುಮಾಸ್ತನೇ. ಬಸ್ಸು ಚಪ್ಪಾಳೆ ಹೊಡೆಯಿತು. ಬರೆದವನಿಗಲ್ಲ, ಕಂಡುಹಿಡಿದವಳಿಗೆ. ಉಳಿದವರು ಯಾರೂ ದಾರ ಬಿಚ್ಚಲಿಲ್ಲ. ಹೆಸರು ಗೊತ್ತಾದ ಮೇಲೆ ಬಿಚ್ಚಿ ಏನು ಮಾಡುವುದು?

ಇದು ಎಂಥ ಪೆಟ್ಟು ಎಂದು ತಿಳಿಯಬೇಕಾದರೆ ಆ ಹದಿನಾರು ಪುಟಗಳ ಸಂಗತಿ ತಿಳಿಯಬೇಕು. ಗವಿಸಿದ್ದಪ್ಪ ಅವನ್ನು ಇಪ್ಪತ್ತೆರಡು ಸಲ ತಿದ್ದಿದ್ದಾನೆ. ಕೆಂಚಪ್ಪ ಇಡೀ ಊರನ್ನು ತೂಕದ ಕಟ್ಟೆಯ ಮೇಲೆ ನಿಲ್ಲಿಸಿ, ಸುಳ್ಳಿಗೆ ಎಷ್ಟು ಭಾರ ಎಂದು ಒಬ್ಬೊಬ್ಬರನ್ನೇ ಕೇಳುವ ಭಾಗ ಅದು. ಕೇಳಿ ವಿರುಪಮ್ಮ ಅತ್ತಳು. ಆಕೆ ತಂದೆ ತೀರಿದಾಗಲೂ ಅಷ್ಟು ಅತ್ತಿರಲಿಲ್ಲ ಎಂದು ಗಂಡನ ಹೇಳಿಕೆ. ಆ ಪುಟಗಳು ಬಸ್ಸಿನವರ ಮನೆಮನೆಗಳಲ್ಲಿ ದಾರದೊಳಗೇ ಉಳಿದವು. ಒಂದು ಪ್ರತಿ ಟಿ.ವಿ. ಸ್ಟ್ಯಾಂಡಿನ ಕಾಲಿಗೆ ಒತ್ತು ಕೊಟ್ಟದ್ದನ್ನು ಈತ ಕಣ್ಣಾರೆ ನೋಡಿ, ಅವರ ಮನೆಯ ಚಹಾ ಕುಡಿದು, ಎದ್ದು ಬಂದ.

ಮರುಳಸಿದ್ದಮ್ಮನಿಗೆ ಮಾತ್ರ ದಿನದಿನಕ್ಕೆ ಕೀರ್ತಿ. ಹತ್ತುವವರೆಲ್ಲ ಆಕೆಗೆ “ತಿಪ್ಪವ್ವ” ಎಂದು ನಮಸ್ಕಾರ ಹಾಕತೊಡಗಿದರು. ಕಳೆದ ಟಿಫಿನ್ ಡಬ್ಬಿ, ಅಳಿಯನ ಸಂಶಯದ ನಡತೆ, ಎಲ್ಲ ಪ್ರಕರಣಗಳೂ ಒಂಬತ್ತನೇ ಸೀಟಿಗೆ. ಕೆಂಚಪ್ಪ ತಿಪ್ಪವ್ವರನ್ನು ಇಲಿಯ ಬಾಯಿಂದ ಬಿಡಿಸಿದವನು ಮುಂದೆ ಸ್ಟೀರಿಂಗ್ ಹಿಡಿದು ಕೂತಿದ್ದಾನೆ, ಅವನ ಬೆನ್ನಿಗೆ ಯಾರೂ ನಮಸ್ಕಾರ ಹಾಕುವುದಿಲ್ಲ.

“ಹೊಟ್ಟಿಕಿಚ್ಚು ಅಂದ್ರ ಹೊಟ್ಟಿಕಿಚ್ಚೇ ರೀ,” ಎಂದು ಗವಿಸಿದ್ದಪ್ಪ ಮುಚ್ಚುಮರೆಯಿಲ್ಲದೆ ಒಪ್ಪುತ್ತಾನೆ. “ಆಕಿ ಹಾಳಿ ತಿರುವೋ ಟೈಮಿಗೆ ಸರಿಯಾಗಿ ಹಂಪ್ ಹಾರಿಸೀನಿ. ಮನಿಗೆ ಹೋಗಿ ಊಟ ಬಿಟ್ಟೀನಿ. ಆಕಿ ಕನ್ನಡಕ ಮರೆತು ಬಂದ್ರ ಅವತ್ತು ನನಗ ಹಬ್ಬ.”

ಎರಡನೇ ಕಾದಂಬರಿಯಲ್ಲಿ ಹೇಗಾದರೂ ಆಕೆಯನ್ನು ಸೋಲಿಸಬೇಕು. ಅಚ್ಚಿಗೆ ಕೊಡುವ ಮೊದಲು, ಕೊನೆಯ ಅಧ್ಯಾಯ ಕಿತ್ತಿಟ್ಟುಕೊಂಡು, ನೋಟುಬುಕ್ಕನ್ನು ಪಂಪೇಶನ ಕೈಯಲ್ಲಿ ಆಕೆಗೆ ಕಳಿಸಿದ. ಎರಡು ದಿನದಲ್ಲಿ ಉತ್ತರ ಬಂತು: ಹರಿಗೋಲು ನಡೆಸುವವನು. ಸರಿ. ಗವಿಸಿದ್ದಪ್ಪ ಒಂದು ತಿಂಗಳು ಕೂತು ಕೊಲೆಯನ್ನು ಡಾಕ್ಟರನ ತಲೆಗೆ ಕಟ್ಟಿದ. ಡಾಕ್ಟರ್ ಎಂದಳು. ಡಾಕ್ಟರನನ್ನು ಬಿಡಿಸಿ ಸತ್ತವನ ತಮ್ಮನನ್ನು ಸಿಕ್ಕಿಸಿದ. ತಮ್ಮ ಎಂದಳು. ಇಷ್ಟಾದ ಮೇಲೆ ಆಕೆಗೆ ಮೈಮೇಲೆ ದೇವರು ಬರುತ್ತದೆಂದು ಬಸ್ಸಿನಲ್ಲಿ ಸುದ್ದಿಯಾಯಿತು. ಗವಿಸಿದ್ದಪ್ಪ ಅಭಿಮಾನ ನುಂಗಿ, ಮಧ್ಯಾಹ್ನ ಪಾತ್ರೆ ತೊಳೆಯುವ ಹೊತ್ತಿನಲ್ಲಿ ಕ್ಯಾಂಟೀನಿನ ಹಿಂಬಾಗಿಲಿಗೆ ಹೋಗಿ ನಿಂತ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ.

ಮರುಳಸಿದ್ದಮ್ಮ ದಿನಾ ನೂರಿಪ್ಪತ್ತು ಮಂದಿಗೆ ಉಪ್ಪಿಟ್ಟು, ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡುವವಳು. ಯಾರು ಉಂಡರು, ಯಾರು ಬಿಟ್ಟರು ಎಂದು ನೋಡುವುದೇ ಆಕೆಯ ಕಸುಬು. ಕೈ ಒರೆಸಿಕೊಂಡು ಹೇಳಿದಳು:

“ನಿನ್ನ ಪುಸ್ತಕದಾಗ ಎಲ್ಲಾರೂ ಉಣ್ತಾರಪ್ಪಾ ತಮ್ಮಾ. ಸಾಯಾಕ ಹೊಂಟಾತನೂ ಎರಡು ಮಿರ್ಚಿ ತಿಂದೇ ಸಾಯ್ತಾನ. ಕೊಂದಾತ ಒಬ್ಬನ ಹಸ್ಕೊಂಡು ಅಡ್ಡಾಡ್ತಾನ. ಆ ಗುಮಾಸ್ತಗ ನೂರಾ ಎಂಬತ್ತು ಪುಟದಾಗ ಒಂದು ಕಪ್ ಚಾನೂ ಕೊಟ್ಟಿಲ್ಲ ನೀನು.”

ಗವಿಸಿದ್ದಪ್ಪ ಬಸ್ಸಿಗೆ ಓಡಿ ನೋಟುಬುಕ್ ತಿರುವಿದ. ನಿಜ. ಹರಿಗೋಲಿನವನಿಗೆ ಮೊದಲು ಊಟವಿರಲಿಲ್ಲ. ಅವನು ನಿರ್ದೋಷಿಯಾದ ಕೂಡಲೇ ಮೀನು ಸಾರು ಬಂದಿತ್ತು. ಡಾಕ್ಟರ್ ಕೊಲೆಗಾರನಾದ ದಿನವೇ ಅವನ ಇಡ್ಲಿಗೆ ಅಡ್ಡಗೆರೆ ಬಿದ್ದಿತ್ತು. ಎಲ್ಲ ತನ್ನದೇ ಕೈ, ತನಗೇ ತಿಳಿಯದೆ. ಮರುದಿನ ಆಕೆಯೆದುರು ಮತ್ತೆ ನಿಂತ.

“ಮತ್ತೊಬ್ಬನ ಜೀವ ತಗದಾತಗ ನನ್ನ ಕೈಲೆ ಹೆಂಗ ಉಣ್ಣಾಕ ಹಾಕ್ಲಿ ಅಕ್ಕಾ?”

“ಹಾಕಬ್ಯಾಡ,” ಎಂದಳು ಮರುಳಸಿದ್ದಮ್ಮ. “ಹಾಕಾಕ ನಿನ್ನ ಕೈಲೆ ಆಗೂದೂ ಇಲ್ಲ.”

ಆ ಕಡೆಯ ಮಾತು ಚುಚ್ಚಿತು. ಮೂರನೇ ಸಲ ಕೊಲೆಗಾರ ಬದಲಾದ. ಈಗ ಕಂಪ್ಲಿಯ ಬಾಳೆಕಾಯಿ ಮಂಡಿಯ ಸಾಹುಕಾರ. ಅವನಿಗೊಂದು ಊಟ ಬರೆಯಲು ಗವಿಸಿದ್ದಪ್ಪನಿಗೆ ಹದಿನಾಲ್ಕು ದಿನ ಹಿಡಿಯಿತು. ದಿನಕ್ಕೆ ಏಳು ಪುಟದವನು ಏಳು ಸಾಲಿಗೆ ಇಳಿದ. ತಟ್ಟೆ ಇಡುತ್ತಾನೆ, ರೊಟ್ಟಿ ಬರುವುದಿಲ್ಲ. ರೊಟ್ಟಿ ಬಂದರೆ ಪಲ್ಯಕ್ಕೆ ಉಪ್ಪಿಲ್ಲ. ಕೊನೆಗೆ ವಿರುಪಮ್ಮ ನಿಜವಾಗಿಯೇ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಮಾಡಿ ಬುತ್ತಿ ಕಟ್ಟಿದಳು. ಬೇವಿನ ನೆರಳಲ್ಲಿ ಅದನ್ನು ಉಣ್ಣುತ್ತ, ತುತ್ತಿಗೊಂದು ಸಾಲಿನಂತೆ ಬರೆದು ಮುಗಿಸಿದ. ಅದೇ ಊರಿನ ನಿವೃತ್ತ ಹೆಡ್ಮಾಸ್ತರನನ್ನು, ತಪ್ಪೇನೂ ಮಾಡದ ಮನುಷ್ಯನನ್ನು, ಇಡೀ ಕಾದಂಬರಿ ಉಪವಾಸ ಕೆಡವಿದ. ಅದಕ್ಕೆ ಇನ್ನೂ ಎಂಟು ದಿನ ಹಿಡಿಯಿತು. ಆ ವಾರ ಮನೆಗೆ ಬಂದ ಭಿಕ್ಷುಕರಿಗೆಲ್ಲ ಹೋಳಿಗೆ.

ಇವತ್ತು ಆ ಪುಸ್ತಕ ಒಂಬತ್ತನೇ ಸೀಟಿನಲ್ಲಿದೆ. ಬಸ್ಸಿನಲ್ಲಿ ಇನ್ನೂ ಹತ್ತೊಂಬತ್ತು ಪ್ರತಿಗಳಿವೆ, ಒಂದೊಂದಕ್ಕೆ ಎರಡು ಮೂರು ತಲೆ. ಎಲ್ಲರೂ ದಾರದ ತನಕ ಓದಿ ನಿಂತು, ಅಕ್ಕ ಹೆಸರು ಹೇಳಲಿ ಎಂದು ಕಾಯುತ್ತಿದ್ದಾರೆ. ಆಕೆ ಹೇಳಿದ್ದು ಸರಿಯಾದರೆ ಈ ಹದಿನಾರು ಪುಟಗಳೂ ಟಿ.ವಿ. ಸ್ಟ್ಯಾಂಡಿನ ಕೆಳಗೆ ಹೋಗುತ್ತವೆ. ಸಂಡೂರು ದಾಟುತ್ತದೆ, ಬೆಳಕು ಹರಿಯುತ್ತದೆ. ಗವಿಸಿದ್ದಪ್ಪ ಇವತ್ತು ಒಂದು ಹಂಪನ್ನೂ ಹಾರಿಸಿಲ್ಲ. ಮರುಳಸಿದ್ದಮ್ಮ ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ ಹಾಕಿಕೊಳ್ಳುತ್ತಾಳೆ. ಮತ್ತೊಮ್ಮೆ ತೆರೆದು ಸಾಹುಕಾರನ ಊಟದ ಪುಟ ಓದುತ್ತಾಳೆ. ಡ್ರೈವರ್ ಸೀಟಿನವರೆಗೂ ಕೇಳುವಂತೆ ಹೇಳುತ್ತಾಳೆ:

“ಹೆಡ್ಮಾಸ್ತರ. ನಮ್ಮ ಡ್ರೈವರ್ ಕೊಲೆಗಾರಗ ಇಂಥಾ ಊಟ ಹಾಕೋ ಮನಿಶಾ ಅಲ್ಲ.”

ಎಂದಿನಂತೆ ಪಂಪೇಶ್ ದಾರ ಕೀಳುತ್ತಾನೆ. ಒಂದು ಪುಟ, ಎರಡು ಪುಟ. ಅವನ ಮುಖ ನೋಡಿಯೇ ಬಸ್ಸಿಗೆ ಗೊತ್ತಾಗುತ್ತದೆ. ಯಾರು ಎಂದು ಕೇಳಿದವರಿಗೆ ಪುಸ್ತಕವನ್ನು ಎದೆಗವಚಿಕೊಂಡು, ನೀವೇ ಓದಿರಿ ಎನ್ನುತ್ತಾನೆ. ಮುಂದಿನ ಕ್ಷಣ ಉಳಿದ ಹದಿನೆಂಟು ದಾರಗಳು ಪಟಪಟ ಹರಿದ ಸದ್ದು ಎಂಜಿನ್ನಿನ ಸದ್ದನ್ನೂ ಮೀರಿ ದಾಟಿ ಬಂದ ಸಂಡೂರಿನ ತನಕ ಕೇಳಿಸಿತೆಂದು ಹೇಳುತ್ತಾರೆ. ಇಪ್ಪತ್ತನೆಯದು ಮರುಳಸಿದ್ದಮ್ಮನದು. ಆಕೆ ಹಲ್ಲಿನಿಂದ ಕಚ್ಚಿ ಹರಿಯುತ್ತಾಳೆ.

ಸಂಜೆಯ ಹೊತ್ತಿಗೆ ಗಣಿಯಿಂದ ಡ್ಯಾಂ ತನಕ ಒಂದೇ ಸುದ್ದಿ: ಮರುಳಸಿದ್ದಮ್ಮ ತಪ್ಪಿದಳಂತೆ. ಯಾರಿಂದಾಗಿ ತಪ್ಪಿದಳು ಎಂದು ಒಬ್ಬರೂ ಕೇಳಲಿಲ್ಲ. ಆಕೆಯನ್ನು ಸಮಾಧಾನ ಮಾಡಲು ಪಂಪೇಶ್ ಮೈಸೂರುಪಾಕು ತಂದುಕೊಟ್ಟ. ಗೆದ್ದವನಿಗೆ ಯಾರೂ ಏನೂ ತರಲಿಲ್ಲ. ಆಕೆ ಮಾತ್ರ ಇಳಿಯುವಾಗ ಡ್ರೈವರ್ ಸೀಟಿನ ಪಕ್ಕ ನಿಂತು, ಆ ಎಣ್ಣೆಗಾಯಿಗೆ ಗುರೆಳ್ಳು ಹಾಕಬೇಕಿತ್ತು ಎಂದು ತಪ್ಪು ಹುಡುಕಿ ಹೋದಳು. ಗವಿಸಿದ್ದಪ್ಪನಿಗೆ ಆ ರಾತ್ರಿಯೂ ಊಟ ಸೇರಲಿಲ್ಲವಂತೆ.

ಹಾಗಾದರೆ ಸಿಕ್ಕಿದ್ದೇನು ಎಂದು ಕೇಳಿದರೆ ಆತ ಗಾಜು ಒರೆಸುವ ಬಟ್ಟೆಯನ್ನು ಹಿಂಡಿ, ಮಡಚಿ, ಡ್ಯಾಶ್‌ಬೋರ್ಡಿನ ಮೇಲೆ ಹರವುತ್ತಾನೆ. ಆಮೇಲೆ ಆ ಬೆಳಗ್ಗೆ ಗಣಿ ಗೇಟಿನಲ್ಲಿ ನಡೆದದ್ದನ್ನು ಹೇಳುತ್ತಾನೆ.

“ಗೇಟಿಗೆ ಬಂದು ಬಾಗಲಾ ತಗದೆ. ಪಾಳಿ ಸೈರನ್ ಹೊಡೀತು. ಹದಿನಾರು ವರ್ಷದಾಗ ಮೊದಲನೇ ಸಲಾ ಒಬ್ಬರೂ ಇಳೀಲಿಲ್ರಿ. ನಲವತ್ತೆರಡು ಮಂದಿ ತಲಿ ಬಗ್ಗಿಸಿ ಕುಂತಾರ. ನನ್ನ ಕಡಿ ಯಾರೂ ನೋಡ್ಲಿಲ್ಲ, ಓದಾಕತ್ತಿದ್ರು. ಹಾರ್ನ್ ಹೊಡೀಬೇಕಿತ್ತು. ನಾನು ಎಂಜಿನ್ ಬಂದ್ ಮಾಡಿದೆ.”