ಬೇರಿನೊಳಗಿನ ಕರೆಂಟು

ಕೊಟ್ಟಿಗೆಹಾರದ ರಸ್ತೆ ಬದಿಯ ನಮ್ಮ ಪ್ರಯೋಗಾಲಯದಲ್ಲಿ ಆಗ ನಾನೊಬ್ಬಳೇ ಇದ್ದೆ. ಕೆಲಸವನ್ನು ನನ್ನ ಜೊತೆ ಶುರುಮಾಡಿದ ಸಹೋದ್ಯೋಗಿ ವರ್ಗವಾಗಿ ಹೋಗಿದ್ದರು. ಬೆಳಿಗ್ಗೆ ಬೀಗ ತೆಗೆದವಳು ಸಂಜೆ ಬೀಗ ಹಾಕುವವರೆಗೆ ಯಾರ ಜೊತೆಗೂ ಮಾತಾಡದ ದಿನಗಳಿದ್ದವು. ದನಿ ಇದೆಯೋ ಇಲ್ಲವೋ ನೋಡಲು ಒಮ್ಮೊಮ್ಮೆ ಸುಮ್ಮನೆ ಕೆಮ್ಮುತ್ತಿದ್ದೆ.

ಕಾಫಿ ಸಸಿಯ ಎಳೆಬೇರಿನ ಒಂದೇ ಜೀವಕೋಶಕ್ಕೆ, ಕೂದಲಿಗಿಂತ ಸಪೂರವಾದ ಗಾಜಿನ ಸೂಜಿ ಚುಚ್ಚಬೇಕು. ಬದುಕಿರುವ ಕೋಶ ಧನ ವಿದ್ಯುತ್ತಿನ ಹೈಡ್ರೋಜನ್ ಕಣಗಳನ್ನು ಪೊರೆಯಾಚೆಗೆ ತಳ್ಳುತ್ತಲೇ ಇರುತ್ತದೆ. ಅದರಿಂದ ಒಳಗೆ ಋಣ ವಿದ್ಯುತ್ತು ಉಳಿಯುತ್ತದೆ. ಆ ಸೆಳೆತಕ್ಕೇ ಮಣ್ಣಿನ ಪೊಟ್ಯಾಷ್ ಒಳಗೆ ಬರುವುದು. ನಾನು ಅಳೆಯಬೇಕಿದ್ದದ್ದು ಆ ಸೆಳೆತವನ್ನು. ಆದರೆ ಚಾರ್ಮಾಡಿ ಕಡೆಗೆ ಒಂದು ಲಾರಿ ಹೋದರೆ ಸಾಕು, ಮೇಜು ಅದುರಿ ಪೊರೆ ಹರಿಯುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಸೂಜಿ ಕೋಶದೊಳಗೆ ಅಲುಗದೆ ನಿಂತಿತು. ಪರದೆಯ ಗೆರೆ ಸೊನ್ನೆಯಿಂದ ಧುಮುಕಿ ಮೈನಸ್ ನೂರಿಪ್ಪತ್ತು ಮಿಲಿವೋಲ್ಟಿನ ಹತ್ತಿರ ನೆಲೆಯಾಯಿತು. ಪೊಟ್ಯಾಷ್ ನೀರು ಬಿಟ್ಟೆ, ಗೆರೆ ಮೇಲೇರಿತು. ತೊಳೆದೆ, ಮತ್ತೆ ಇಳಿಯಿತು. "ಬಂತು, ನೋಡಿ!" ಎಂದು ಪಕ್ಕಕ್ಕೆ ತಿರುಗಿದೆ. ಯಾರಿದ್ದಾರೆ? ಸಹೋದ್ಯೋಗಿಗೆ ಫೋನ್ ಮಾಡಿದೆ, ಎತ್ತಲಿಲ್ಲ.

ರಸ್ತೆ ದಾಟಿ ಎದುರಿನ ಹೋಟೆಲಿಗೆ ಹೋದೆ. ಗಂಡ ತೀರಿಕೊಂಡ ಮೇಲೆ ಅದನ್ನು ಒಬ್ಬರೇ ನಡೆಸುತ್ತಿದ್ದ ಹೆಂಗಸು ತಲೆಯ ಮೇಲಿನ ಶಾಲು ಸರಿಮಾಡಿಕೊಳ್ಳುತ್ತಾ ಕೇಳಿದರು:

"ಏನ್ ಮೇಡಂ, ಒಬ್ರೇ ನಗ್ತಾ ಬರ್ತಿದ್ದೀರಿ?"

"ಬೇರಿನೊಳಗಿನ ಕರೆಂಟು ಸಿಕ್ತು, ಅಕ್ಕ."

"ಬೇರಲ್ಲೂ ಕರೆಂಟಾ! ಶಾಕ್ ಹೊಡೀತದಾ?"

"ಇಲ್ಲ, ಚೂರೇ ಚೂರು. ನೋಡ್ತೀರಾ?"

ಒಲೆ ಆರಿಸಿ ಬಂದೇಬಿಟ್ಟರು. ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ ಕೂತು ಗೆರೆಯನ್ನೇ ನೋಡಿದರು. ಅಷ್ಟರಲ್ಲಿ ಹೊರಗೊಂದು ಲಾರಿ ಹೋಯಿತು. ಗೆರೆ ನಡುಗಿ ಸೊನ್ನೆಗೆ ಬಂತು.

"ಏನಾಯ್ತು?"

"ಪೊರೆ ಹರೀತು. ಕೋಶ ಸತ್ತುಹೋಯ್ತು."

"ಅಯ್ಯೋ ಪಾಪ," ಎಂದರು. ಏಳಲಿಲ್ಲ. "ಇನ್ನೊಂದಕ್ಕೆ ಚುಚ್ಚಿ ಮೇಡಂ, ನಾನು ಇರ್ತೀನಿ. ಅಲ್ಲಿದ್ರೂ ನಂಗೆ ಟೀ, ಬನ್ನು ಅನ್ನೋದು ಬಿಟ್ರೆ ಬೇರೆ ಮಾತೇ ಇರೋದಿಲ್ಲ."

ಆ ದಿನ ಮತ್ತೆ ಯಾವ ಕೋಶದಲ್ಲೂ ಸೂಜಿ ನಿಲ್ಲಲಿಲ್ಲ. ಕತ್ತಲಾಗುವ ಹೊತ್ತಿಗೆ ಹೊರಟವರು ಬಾಗಿಲಲ್ಲಿ ನಿಂತು, "ಅಡುಗೆ ಮಾಡ್ಕೋಬೇಡಿ, ಅಲ್ಲೇ ಬನ್ನಿ," ಎಂದರು. ಹೋದೆ. ಅಕ್ಕಿರೊಟ್ಟಿ, ಮೀನುಸಾರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಉಂಡೆವು.

ಮಳೆಗಾಲ ಹಿಡಿದಾಗ ಅವರು ಹೋಟೆಲು ಮುಚ್ಚಿ ಸಂಸೆಗೆ, ತಂಗಿಯ ಮನೆಗೆ ಹೋದರು. ತಿರುಗಿ ಬರಲಿಲ್ಲ. ನನಗೀಗ ಕೈ ಪಳಗಿದೆ, ಒಳ್ಳೆಯ ಗೆರೆಗಳು ಸಿಗುತ್ತವೆ. ಸಿಕ್ಕ ದಿನ ಸೂಜಿ ಎತ್ತಿಟ್ಟು, ದೀಪ ಆರಿಸಿ, ಕ್ವಾರ್ಟರ್ಸಿಗೆ ನಡೆಯುತ್ತೇನೆ.