ಸಾಲಿನಲ್ಲಿ ಎಡದಿಂದ ಮೂರನೆಯವಳು

ಎರಡು ಸಾವಿರದ ಒಂದರಲ್ಲಿ, ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಇಂಗೋಲ್‌ಸ್ಟಾಟ್‌ಗೆ ಬಂದದ್ದು ನನ್ನ ಗಂಡ. ಅವರದು ಕಾರುಗಳ ಸಾಫ್ಟ್‌ವೇರ್ ಬರೆಯುವ ಕೆಲಸ. ನನಗೆ ದುಡಿಯುವ ಅನುಮತಿ ಇನ್ನೂ ಸಿಕ್ಕಿರಲಿಲ್ಲ. ಧಾರವಾಡದಲ್ಲಿ ಕಾಲೇಜು ಹುಡುಗರಿಗೆ ಇಂಗ್ಲಿಷ್ ಪಾಠ ಹೇಳುತ್ತಿದ್ದವಳು ಇಲ್ಲಿ ಬೆಳಗ್ಗೆ ಜರ್ಮನ್ ಕ್ಲಾಸಿಗೆ ಹೋಗಿಬಂದು, ಮಧ್ಯಾಹ್ನವಿಡೀ ಕ್ರಿಯಾಪದ ಉರು ಹೊಡೆಯುತ್ತಿದ್ದೆ.

ಕೆಳಗಿನ ಮನೆಯಲ್ಲಿ ತೊಂಬತ್ತರ ಹತ್ತಿರದ ಅಜ್ಜಿಯೊಬ್ಬರು ಮಗಳ ಜೊತೆ ಇದ್ದರು. ಅಜ್ಜಿ ಹುಟ್ಟಿ ಬೆಳೆದದ್ದು ಲಂಡನ್ನಿನಲ್ಲಿ. ಜರ್ಮನ್ ಪಿಟೀಲುವಾದಕನನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಆ ಚಳಿಗಾಲ ಅವರಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಸುಧಾರಿಸಿದವು, ಆದರೆ ಜರ್ಮನ್ ಪೂರ್ತಿ ಅಳಿಸಿಹೋಯಿತು. ಉಳಿದದ್ದು ಹುಟ್ಟಿನಿಂದ ಬಂದ ಇಂಗ್ಲಿಷ್ ಮಾತ್ರ. ಮಗಳಿಗೆ ಇಂಗ್ಲಿಷ್ ಬಾರದು.

ಒಂದು ದಿನ ಮಗಳು ಮೇಲೆ ಬಂದು, ನನಗೆ ತಿಳಿಯುವಂತೆ ನಿಧಾನವಾಗಿ ಕೇಳಿದರು: "ಅಮ್ಮ ಏನು ಹೇಳುತ್ತಾರೆಂದು ನೀವು ನನಗೆ ಹೇಳುತ್ತೀರಾ?"

"ನನ್ನ ಜರ್ಮನ್ ಅಷ್ಟಕ್ಕಷ್ಟೇ ಅದ, ಹ್ಯಾಂಗ ಹೋಗ್ಲಿ?" ಎಂದೆ ಗಂಡನಿಗೆ.

"ಅಜ್ಜಿ ಮಾತು ಮಗಳಿಗಿಂತ ನಿನಗ ಜಾಸ್ತಿ ತಿಳೀತದ. ಸುಮ್ನ ಹೋಗು."

ಹೋದೆ. ಸೂಪಿಗೆ ಉಪ್ಪು ಕಡಿಮೆ, ಕಾಲಿಗೆ ಚಳಿ: ಮೊದಮೊದಲು ಇಷ್ಟೇ ಅನುವಾದ. ಮಾರ್ಚಿನಲ್ಲಿ ಒಂದು ದಿನ ಪತ್ರಿಕೆ ತೆರೆದಿಟ್ಟಾಗ ಅಜ್ಜಿ ಅದರಲ್ಲಿದ್ದ ಸಿನಿಮಾ ಜಾಹೀರಾತೊಂದರ ಫೋಟೊ ಮೇಲೆ ಬೆರಳಿಟ್ಟರು. ಮ್ಯೂನಿಕ್‌ನ ಚಿಕ್ಕ ಚಿತ್ರಮಂದಿರವೊಂದರಲ್ಲಿ ಟಾಕಿಯ ಆರಂಭಕಾಲದ ಹಳೆಯ ಬ್ರಿಟಿಷ್ ಹಾಸ್ಯಚಿತ್ರದ ಪ್ರದರ್ಶನವಿತ್ತು. ಫೋಟೊದಲ್ಲಿ ಹನ್ನೆರಡು ಹುಡುಗಿಯರು ಸಾಲಾಗಿ ಕಾಲೆತ್ತಿ ನಿಂತಿದ್ದರು.

"ಎಡದಿಂದ ಮೂರನೆಯವಳು ನಾನು," ಎಂದರು ಅಜ್ಜಿ.

ನಾನು ಜರ್ಮನ್‌ನಲ್ಲಿ ಹೇಳಿದೆ. ಮಗಳು ನನ್ನನ್ನೇ ದಿಟ್ಟಿಸಿದರು, ನಾನೇ ತಪ್ಪು ಅನುವಾದಿಸಿದೆನೇನೋ ಎನ್ನುವಂತೆ.

ಭಾನುವಾರ ಮೂವರೂ ರೈಲು ಹತ್ತಿದೆವು. ಚಿತ್ರಮಂದಿರದಲ್ಲಿ ಅಜ್ಜಿ ನಡುವೆ ಕೂತರು. ನಾಯಕಿ ನಾಯಕನಿಂದ ಮುಖ ತಿರುಗಿಸಿ ಹಾಡತೊಡಗಿದಳು. ಅಜ್ಜಿ ಗಟ್ಟಿಯಾಗಿಯೇ ಹೇಳಿದರು: "ಅದು ನಾಚಿಕೆಯಲ್ಲ. ಅವನು ಈರುಳ್ಳಿ ತಿಂದು ಬಂದಿದ್ದ." ಮೈಕು ಹೂದಾನಿಯೊಳಗಿತ್ತಂತೆ, ಅದಕ್ಕೇ ಎಲ್ಲರೂ ಅದರ ಸುತ್ತ ಗುಂಪುಗೂಡಿ ನಿಂತಿದ್ದರು. ಸದ್ದಾಗುತ್ತದೆಂದು ಫ್ಯಾನು ಹಾಕುತ್ತಿರಲಿಲ್ಲ, ಮುಖದ ಬಣ್ಣವೆಲ್ಲ ಬೆವರಲ್ಲಿ ಇಳಿಯುತ್ತಿತ್ತಂತೆ.

ನಾನು ಮುಂದಕ್ಕೆ ಬಗ್ಗಿ ಮಗಳಿಗೆ ಪಿಸುಗುಟ್ಟುತ್ತಿದ್ದೆ. ಹಿಂದಿನ ಸಾಲಿನ ಗಂಡಸೊಬ್ಬರು "ಪ್ಸ್ಟ್!" ಎಂದರು. ನಾನು ಬಾಯಿ ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಅದೇ ಮನುಷ್ಯ ಮುಂದೆ ಬಾಗಿ ಕೇಳಿದರು: "ಈ ಅಮ್ಮ ಈ ಸಿನಿಮಾದಲ್ಲಿದ್ದವರೇ? ಹಾಗಾದರೆ ಸ್ವಲ್ಪ ಜೋರಾಗಿ ಹೇಳಿ."

ಆ ಹನ್ನೆರಡು ಹುಡುಗಿಯರು ಕುಣಿಯುತ್ತ ಬಂದರು. ತೊಡೆಗೆ ಹೊದೆಸಿದ್ದ ಕಂಬಳಿಯ ಕೆಳಗೆ ಅಜ್ಜಿಯ ಪಾದ ಅವರ ತಾಳಕ್ಕೆ ಅಲುಗುತ್ತಿತ್ತು. ಮಗಳು ತೆರೆಯನ್ನೂ ಪಕ್ಕದ ಮುಖವನ್ನೂ ಸರದಿಯಂತೆ ನೋಡುತ್ತಿದ್ದರು.

ಆಮೇಲೆ ಕಾಫಿ ಕುಡಿಯುತ್ತ ಮಗಳು ನನ್ನ ಮೂಲಕ ಕೇಳಿದರು: "ಇದನ್ನೆಲ್ಲ ನನಗೆ ಯಾಕೆ ಹೇಳಲಿಲ್ಲ?"

ಅಜ್ಜಿ ಕಪ್ಪು ಕೆಳಗಿಟ್ಟರು. "ಆಗ ನೀನು ಪುಟ್ಟವಳು. ಯುದ್ಧ ನಡೆಯುತ್ತಿತ್ತು, ಇಲ್ಲಿ ಇಂಗ್ಲಿಷ್ ಶತ್ರುವಿನ ಭಾಷೆ. ನಾನು ಹಾಡಿದ್ದರೆ ನೀನೂ ಬೀದಿಯಲ್ಲಿ ಇಂಗ್ಲಿಷ್ ಹಾಡುತ್ತಿದ್ದೆ. ಅದಕ್ಕೆ ಬಾಯಿ ಮುಚ್ಚಿಕೊಂಡೆ. ಯುದ್ಧ ಮುಗಿದ ಮೇಲೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ."

ನನ್ನ ಜರ್ಮನ್‌ಗೆ ಅಷ್ಟು ಭಾರ ಹೊರುವ ಶಕ್ತಿ ಇರಲಿಲ್ಲ. ವಿಭಕ್ತಿ ತಪ್ಪಿತು, ಕಾಲ ತಪ್ಪಿತು, ಅರ್ಧಕ್ಕೆ ನಿಂತೆ. ಅಷ್ಟರಲ್ಲಿ ಮಗಳು ಅಮ್ಮನ ಕೈ ಹಿಡಿದಾಗಿತ್ತು.

ಮುಂದಿನ ವಾರವೇ ಮಗಳು ಇಂಗ್ಲಿಷ್ ಕ್ಲಾಸಿಗೆ ಹೆಸರು ಕೊಟ್ಟರು, ಅರವತ್ತು ದಾಟಿದ ವಯಸ್ಸಿನಲ್ಲಿ. ಬಸ್ಸಿನಲ್ಲಿ ಜೊತೆಗೆ ಹೋಗುತ್ತಿದ್ದೆವು. ನಾನು ಜರ್ಮನ್‌ನಲ್ಲಿ, ಅವರು ಇಂಗ್ಲಿಷ್‌ನಲ್ಲಿ ಎಡವುತ್ತಿದ್ದೆವು. ಅಜ್ಜಿ ಇನ್ನೂ ಎರಡು ವರ್ಷ ಬದುಕಿದರು. ಸಿನಿಮಾ ನೋಡಿದ ಮರುವರ್ಷ ನನಗೆ ಕೆಲಸದ ಅನುಮತಿ ಬಂದ ಸುದ್ದಿ ಹೇಳಲು ಕೆಳಗಿಳಿದರೆ, ತಾಯಿ ಮಗಳು ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ಏನೆಂದು ಕೇಳಿದೆ.

"ವೆಯ್ಟ್, ಐ ಟೆಲ್ ಯೂ," ಎಂದು ಮಗಳೇ ಕುರ್ಚಿ ಎಳೆದುಕೊಟ್ಟರು.