ಗೋಡೆಯಾಚೆಯ ಮಡಿವಾಳಮ್ಮ

ಮೊನ್ನೆ ಹಳೇ ಟ್ರಂಕು ಖಾಲಿ ಮಾಡುವಾಗ ತಳದಲ್ಲಿ ಒಂದು ದಿಂಬಿನ ಚೀಲ ಸಿಕ್ಕಿತು. ಬಿಳಿ ಬಟ್ಟೆ ಹಳದಿಗೆ ತಿರುಗಿ, ಅಂಚೆಲ್ಲ ಪಿಸಿದುಹೋಗಿತ್ತು. ಹರಿದು ಒರೆಸುವ ಬಟ್ಟೆ ಮಾಡೋಣ ಎಂದುಕೊಂಡವಳು ಮೂಲೆಯಲ್ಲಿದ್ದ ಗುರುತು ನೋಡಿ ಹರಿಯದೆ ಬಿಟ್ಟೆ. ಎರಡು ಚುಕ್ಕೆ, ಕೆಳಗೊಂದು ಅಡ್ಡಗೆರೆ. ಯಾವ ಬಟ್ಟೆ ಯಾವ ಮನೆಯದು ಎಂದು ತಿಳಿಯಲು ಮಡಿವಾಳರು ಕೇರುಬೀಜದ ರಸದಲ್ಲಿ ಹಾಕುತ್ತಿದ್ದ ಕಪ್ಪು ಗುರುತು ಅದು. ಎಷ್ಟು ಒಗೆದರೂ ಹೋಗುವುದಿಲ್ಲ. ಎರಡು ಚುಕ್ಕೆ, ಒಂದು ಗೆರೆ ಅಂದರೆ ಬಳ್ಳಾರಿಯ ಕೌಲ್ ಬಜಾರಿನ ನನ್ನ ತವರುಮನೆ...

ಹಾಕಿದವರು ಪಕ್ಕದ ಮನೆಯ ಮಡಿವಾಳಮ್ಮ. ಅವರಿಗೂ ಒಂದು ಹೆಸರಿತ್ತು, ಓಣಿಯಲ್ಲಿ ಯಾರೂ ಅದರಿಂದ ಕರೆಯುತ್ತಿರಲಿಲ್ಲ. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆ ಮುಂದಿನ ತಗಡಿನ ಚಪ್ಪರದಲ್ಲಿ ಇಸ್ತ್ರಿ ಮೇಜು. ಬಳ್ಳಾರಿಯ ಆ ಬಿಸಿಲಲ್ಲಿ, ಮೇಲೆ ಕಾದ ತಗಡು, ಕೈಯಲ್ಲಿ ಕೆಂಡದ ಇಸ್ತ್ರಿ. ತಮ್ಮವರ ಜೊತೆ ತೆಲುಗು, ನಮ್ಮ ಜೊತೆ ಕನ್ನಡ, ಎದುರು ಸಾಲಿನ ಸಾಬರ ಮನೆಗಳಲ್ಲಿ ಉರ್ದು. ಏನೇ ಆಗಲಿ, ‘ಪರವಾಲೇದು’, ಪರವಾಗಿಲ್ಲ, ಅನ್ನುವುದು ಅವರ ಅಭ್ಯಾಸ. ಕೆಂಡ ಕಾಲ ಮೇಲೆ ಬಿದ್ದರೂ ಪರವಾಲೇದು, ಗಾಳಿಗೆ ತಗಡು ಹಾರಿಹೋದರೂ ಪರವಾಲೇದು. ನಾನೋ, ಹುಟ್ಟು ಪುಕ್ಕಲಿ. ಸೈಕಲ್ ಬೆಲ್ಲು ಕೇಳಿದರೆ ಗೋಡೆಗೆ ಅಂಟಿ ನಿಲ್ಲುವವಳು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮೈ ಬೆಳೆದಷ್ಟು ಬುದ್ಧಿ ಬೆಳೆಯಲಿಲ್ಲ ಅಂತ ಓಣಿಯವರು ಹೇಳುತ್ತಿದ್ದರು. ಎಣಿಸಲು ಬರುತ್ತಿರಲಿಲ್ಲ, ಅಕ್ಷರ ತಲೆಗೆ ಹತ್ತಲಿಲ್ಲ, ಮಾತು ಎರಡು ಮೂರು ಶಬ್ದಕ್ಕೆ ಮುಗಿಯುತ್ತಿತ್ತು. ಮಧ್ಯಾಹ್ನ ಅಮ್ಮ ತುಸು ಅಡ್ಡಾಗಬೇಕಾದರೆ ಅವಳನ್ನು ಇಸ್ತ್ರಿ ಮೇಜಿನ ಹತ್ತಿರ ಕೂರಿಸಿ ಬರುತ್ತಿದ್ದಳು. ಅಲ್ಲಿ ಕೂತು ಕೂತು ಅಕ್ಕ ಬಟ್ಟೆ ಮಡಚಲು ಕಲಿತಳು. ಆಮೇಲೆ ಗುರುತು ಕಲಿತಳು. ತನ್ನ ಹೆಸರನ್ನೇ ಓದಲಾರದವಳು ಮೂವತ್ತು ಮನೆಗಳ ಗುರುತನ್ನು ಓದುತ್ತಿದ್ದಳು. ಯಾವ ಅಂಗಿ ಯಾವ ಬಾಗಿಲಿಗೆ ಹೋಗಬೇಕು ಎಂದು ಅವಳನ್ನು ಕೇಳಿದರೆ ತಪ್ಪುವ ಮಾತೇ ಇರಲಿಲ್ಲ. ನಾನು ಆಗಲೇ ಟೀಚರ್ ಟ್ರೇನಿಂಗ್ ಮುಗಿಸಿದ್ದೆ, ಅವಳಿಗೆ ಅ ಆ ಕಲಿಸಲು ಹೋಗಿ ಸೋತು ಬಿಟ್ಟಿದ್ದೆ. ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಗಿತ್ತು, ಈಗ ಒಪ್ಪಿಕೊಳ್ಳಬಹುದು.

ಎಪ್ಪತ್ತರ ದಶಕದ ಮೊದಲಲ್ಲಿ ಅಮ್ಮ ಹೋದಳು. ಅಪ್ಪ ಮೊದಲೇ ಇರಲಿಲ್ಲ. ನಾನು ಮದುವೆಯಾಗಿ ಸಿರುಗುಪ್ಪದಲ್ಲಿದ್ದೆ. ನನಗೆ ಸಾಲಿ ಟೀಚರ್ ಕೆಲಸ, ಯಜಮಾನರಿಗೆ ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆ. ಬಾಡಿಗೆಯ ತವರುಮನೆ ಬಿಟ್ಟುಕೊಟ್ಟು ಅಕ್ಕನನ್ನು ಕರೆದುಕೊಂಡು ಬಂದೆ. ಹಗಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ, ಹಿಂದೆಯೇ ತುಂಬಿ ಹರಿಯುವ ಕಾಲುವೆ. ಹೊರಗಿನಿಂದ ಬೀಗ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದೆ. ಬೇರೆ ದಾರಿ ಕಾಣಲಿಲ್ಲ. ಅವಳು ಒಳಗಿನಿಂದ ಬಾಗಿಲು ಬಡಿಯುತ್ತಾಳೆ ಅಂತ ನೆರೆಯವರು ಹೇಳಿದರು. ಒಂದು ಸಂಜೆ ಬೀಗ ತೆಗೆದಾಗ ಅವಳ ಎರಡೂ ಅಂಗೈ ಒಡೆದು ರಕ್ತ ಒಣಗಿತ್ತು.

ಸುದ್ದಿ ಹೇಗೆ ಮುಟ್ಟಿತೋ, ಮುಂದಿನ ಭಾನುವಾರ ಮಡಿವಾಳಮ್ಮ ಸಿರುಗುಪ್ಪಕ್ಕೆ ಬಂದರು. ಅಕ್ಕನ ಅಂಗೈ ತಿರುಗಿಸಿ ತಿರುಗಿಸಿ ನೋಡಿದರು.

“ತಂಗಿ, ಬಾಜು ನಂದೊಂದು ಖೋಲಿ ಖಾಲಿ ಐತಿ, ಈಕಿನ್ನ ಅಲ್ಲಿ ಇಡು. ಆಕಿ ಮನಿ ಆಕಿ ಮಾಡ್ಲಿ. ನಾ ಗ್ವಾಡಿ ಆಚಿ ಇರ್ತೀನಿ.”

“ಆಕಿಗೆ ಸ್ಟೋ ಹಚ್ಚಾಕ ಬರಂಗಿಲ್ಲ. ರಸ್ತಾ ದಾಟಾಕ ಬರಂಗಿಲ್ಲ. ಏನರ ಆದ್ರ?”

“ಕಲಿಸಿದ್ರ ಬರ್ತೈತಿ. ಪರವಾಲೇದು.”

ಅಗಸರ ಮನೆ ಬಾಜು ನಮ್ಮ ಮನೆತನದ ಹೆಣ್ಣುಮಗಳು ಒಬ್ಬಳೇ ಇರುವುದೇ ಅಂತ ನೆಂಟರು ಮೂಗು ಮುರಿದರು. ಅವರ್ಯಾರೂ ಅಕ್ಕನನ್ನು ಒಂದು ದಿನ ಇಟ್ಟುಕೊಳ್ಳುತ್ತೇವೆ ಅನ್ನಲಿಲ್ಲ. ಯಜಮಾನರು ಮಾತ್ರ ‘ಕಳಿಸಿ ನೋಡು’ ಅಂದರು. ಕಳಿಸಿದೆ.

ಮಡಿವಾಳಮ್ಮ ಕಲಿಸುತ್ತಿದ್ದ ರೀತಿಯೇ ಬೇರೆ. ಮೊದಲು ತಾವು ಮಾಡಿ ತೋರಿಸುವುದು, ಆಮೇಲೆ ಜೊತೆಗೆ ಮಾಡುವುದು, ಆಮೇಲೆ ಕಾಣದಂತೆ ನಿಲ್ಲುವುದು. ಸ್ಟೋ ಹಚ್ಚಿ ಚಹಾ ಮಾಡಲು ಅಕ್ಕನಿಗೆ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳೂ ಅವರು ಬಾಗಿಲ ಮರೆಯಲ್ಲಿ ಒದ್ದೆ ಗೋಣಿಚೀಲ ಹಿಡಿದು ನಿಂತಿರುತ್ತಿದ್ದರು. ಬಟ್ಟೆ ಕೊಡಲು ಅಕ್ಕ ಹೊರಟರೆ ಇಪ್ಪತ್ತು ಹೆಜ್ಜೆ ಹಿಂದೆ, ಯಾವುದೋ ಅಂಗಡಿಗೆ ಹೋಗುವವರಂತೆ ಬರುತ್ತಿದ್ದರು. ಬೆಳಗ್ಗೆ ಎದ್ದ ಕೂಡಲೇ ಅಕ್ಕ ನಡುಗೋಡೆ ಬಡಿಯಬೇಕು, ಇವರು ತಿರುಗಿ ಬಡಿಯಬೇಕು. ಖೋಲಿಯ ಬೀಗದ ಕೈ ಅಕ್ಕನ ಕೊರಳಿನ ದಾರದಲ್ಲೇ ಇರುತ್ತಿತ್ತು. ನಾನೊಮ್ಮೆ, ಇನ್ನೊಂದು ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ ಅಂದೆ. “ಆಕಿ ಮನಿ ಕೈ ನನಗ್ಯಾಕವ್ವ?” ಅಂದರು.

ಪ್ರತಿ ಭಾನುವಾರ ನಾನು ಬಳ್ಳಾರಿ ಬಸ್ಸು ಹತ್ತುತ್ತಿದ್ದೆ. ಬಸ್ಸು ಊರು ಸೇರುತ್ತಿದ್ದಂತೆ ಯೋಚನೆ ಶುರು. ಓಣಿಯ ತಿರುವಿನಲ್ಲಿ ಜನ ಗುಂಪು ಸೇರಿರಬಹುದು, ಖೋಲಿ ಸುಟ್ಟು ಕರಿಯಾಗಿರಬಹುದು, ಅವಳನ್ನು ಯಾರೋ ಎತ್ತಿಕೊಂಡು ಹೋಗಿರಬಹುದು... ತಿರುವು ದಾಟಿದರೆ ಅಕ್ಕ ಕಟ್ಟೆಯ ಮೇಲೆ ಕೂತು ಅಂಗಿಗೆ ಗುಂಡಿ ಹಾಕುತ್ತಿರುತ್ತಿದ್ದಳು. ನನಗೆ ಚಹಾ ಮಾಡಿಕೊಡುತ್ತಿದ್ದಳು. ಕುಡಿಯುತ್ತ ನಾನು ಅವಳ ಸೆರಗು ಎಲ್ಲಾದರೂ ಸುಟ್ಟಿದೆಯೇ ಅಂತ ನೋಡುತ್ತಿದ್ದೆ. ಎರಡು ವರ್ಷ ಹೀಗೇ ಕಳೆಯಿತು. ಒಂದೇ ಒಂದು ಭಾನುವಾರ ನಾನು ನೆಮ್ಮದಿಯಿಂದ ಆ ಚಹಾ ಕುಡಿಯಲಿಲ್ಲ.

ಆಮೇಲೆ ಒಂದು ಭಾನುವಾರ ಹೋದಾಗ ಖೋಲಿಗೆ ಬೀಗ ಹಾಕಿತ್ತು. ಮಡಿವಾಳಮ್ಮ ಮೇಜಿನ ಮುಂದೆ ನಿಂತು ಇಸ್ತ್ರಿ ಮಾಡುತ್ತಿದ್ದರು.

“ಕುರುಗೋಡಿಗೆ ಹೋಗ್ಯಾಳ. ಹನ್ನೆರಡರ ಬಸ್ಸಿಗೆ ಬರ್ತಾಳ, ಕುಂದ್ರು.”

ಕೌಲ್ ಬಜಾರಿನಿಂದ ಕುರುಗೋಡಿಗೆ ಮನೆ ಬದಲಿಸಿದ್ದ ಒಂದು ಕುಟುಂಬ ಒಳ್ಳೆಯ ಬಟ್ಟೆಗಳನ್ನು ಇನ್ನೂ ಇವರಿಗೇ ಕಳಿಸುತ್ತಿತ್ತು. ಅಷ್ಟು ಚೆನ್ನಾಗಿ ಗಂಜಿ ಹಾಕುವವರು ಅಲ್ಲಿ ಇರಲಿಲ್ಲವಂತೆ. ಮಡಿವಾಳಮ್ಮ ಅಕ್ಕನನ್ನು ನಾಲ್ಕೈದು ಸಲ ಬಸ್ಸಿನಲ್ಲಿ ಜೊತೆಗೇ ಕರೆದೊಯ್ದಿದ್ದರು. ಎರಡು ಸಲ ತಾವು ಹಿಂದಿನ ಸೀಟಿನಲ್ಲಿ ಕೂತು ಹೋಗಿದ್ದರು. ಅವತ್ತು ಮೊದಲ ಸಲ ಒಬ್ಬಳನ್ನೇ ಕಳಿಸಿದ್ದರು. ನನಗೆ ಮೊದಲೇ ಹೇಳಿದ್ದರೆ ಬಿಡುತ್ತಿರಲಿಲ್ಲ ಅಂತ ಅವರಿಗೆ ಗೊತ್ತಿತ್ತು.

ಏನೇನೋ ಅಂದೆ. ನಿಮಗೆ ಹೆತ್ತ ಹೊಟ್ಟೆ ಇಲ್ಲ, ಅದಕ್ಕೇ ಇಷ್ಟು ಧೈರ್ಯ ಅಂತಲೂ ಅಂದುಬಿಟ್ಟೆ. ಅವರು ಇನ್ನೊಂದು ಅಂಗಿ ಎತ್ತಿಕೊಂಡರು. ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೋಗಿ ಕಾದೆವು. ಹನ್ನೆರಡರ ಬಸ್ಸು ಬಂತು, ಅಕ್ಕ ಇಳಿಯಲಿಲ್ಲ. ಎರಡರ ಬಸ್ಸಿನಲ್ಲೂ ಇರಲಿಲ್ಲ. ಅದರ ಕಂಡಕ್ಟರು, “ಮುಂಜಾನಿ ಅಲ್ಲಿ ಇಳಿಸೀನಿ. ಹೊಳ್ಳಿ ಹತ್ತಿಲ್ಲ,” ಅಂದ. ಇಬ್ಬರೂ ಚಪ್ಪರಕ್ಕೆ ವಾಪಸ್ಸು ಬಂದೆವು. ಮಡಿವಾಳಮ್ಮ ಕೆಂಡ ಆರಿಸಲೆಂದು ಹೋಗಿ, ಯಾಕೋ ಇಸ್ತ್ರಿಯನ್ನು ಒಂದು ಬಿಳಿ ಅಂಗಿಯ ಮೇಲೆ ಇಟ್ಟು ಮರೆತರು. ಸುಟ್ಟ ವಾಸನೆ ಬಂದಾಗಲೇ ಎತ್ತಿದರು. ಅವರು ಬಟ್ಟೆ ಸುಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಪರವಾಲೇದು ಅನ್ನಲೂ ಇಲ್ಲ.

“ನಡಿ ಹೋಗೂಣು,” ಅಂದರು.

ಕುರುಗೋಡಿನ ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ಕಂಡದ್ದೆಲ್ಲ ಬಾವಿ. ಗಿಡದ ಕೆಳಗೆ ಯಾರಾದರೂ ಮಲಗಿದ್ದರೆ ಅದು ಅಕ್ಕನೇ ಅನಿಸುತ್ತಿತ್ತು. ದಾರಿಯಲ್ಲಿ ಲಾರಿ ನಿಂತಿದ್ದರೆ ಅದರ ಗಾಲಿ ನೋಡುತ್ತಿದ್ದೆ. ಆ ಊರಿನ ಕಲ್ಲುಗುಡ್ಡ ಹತ್ತಿರವಾದಂತೆ, ಇಳಿಯುವುದೇ ಬೇಡ, ಬಸ್ಸು ಹೀಗೇ ಹೋಗುತ್ತಿರಲಿ ಅನಿಸಿತು. ಇಳಿದರೆ ಸುದ್ದಿ ಕೇಳಬೇಕಾಗುತ್ತದಲ್ಲ...

ಅಕ್ಕ ಆ ಮನೆಯ ಮುಂದೆಯೇ ಇದ್ದಳು. ನೆರಳಿಲ್ಲದ ಕಟ್ಟೆಯ ಮೇಲೆ, ಕಾಲು ಜೋಡಿಸಿಕೊಂಡು, ಮುಖ ಕೆಂಪಾಗಿ ಬೆಂದು, ತುಟಿ ಒಡೆದು ಕೂತಿದ್ದಳು. ಸುತ್ತ ಏಳೆಂಟು ಮಕ್ಕಳು ಅಣಕಿಸುತ್ತ ನಿಂತಿದ್ದವು. ಮನೆಯಲ್ಲಿ ಮದುವೆ ನಿಶ್ಚಯದ ಗದ್ದಲ. ನಮಗೆ ಪರಿಚಯವಿಲ್ಲದ ಹೆಂಗಸೊಬ್ಬಳು, ಮನೆಗೆ ಬಂದ ನೆಂಟಳಿರಬೇಕು, ಬಾಗಿಲಿಗೆ ಬಂದಳು.

“ಮುಂಜಾನಿಂದ ಕುಂತೈತ್ರಿ ಈ ಹುಚ್ಚಿ. ಗಂಟು ಇಸಗೊಂಡ್ನಿ, ಹೋಗಂದ್ನಿ, ಹೋಗವಲ್ದು.”

ಅಕ್ಕ ಮಡಿವಾಳಮ್ಮನನ್ನು ನೋಡಿ, “ಗಂಟಿನ ಬಟ್ಟಿ ಕೊಟ್ಟಿಲ್ಲ,” ಅಂದಳು.

ಆಗ ತಿಳಿಯಿತು. ಇಸ್ತ್ರಿ ಬಟ್ಟೆಗಳನ್ನು ಕಟ್ಟಿ ಒಯ್ಯುವ ದುಪ್ಪಟಿ ಮಡಿವಾಳರದು. ಅದು ಬಟ್ಟೆಯ ಜೊತೆ ಮನೆಯೊಳಗೆ ಹೋದರೆ ಮತ್ತೆ ಸಿಗುವುದಿಲ್ಲ. ಆದ್ದರಿಂದ ಬಟ್ಟೆ ಕೊಟ್ಟು ದುಪ್ಪಟಿ ಇಸಿದುಕೊಳ್ಳದೆ ಬಾಗಿಲು ಬಿಡಬೇಡ ಅಂತ ಅಕ್ಕನಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದರು. ಪ್ರತಿ ಸಲ ಮನೆಯವರು ತಾವೇ ಬಿಚ್ಚಿಕೊಡುತ್ತಿದ್ದರು. ಅವತ್ತು ಈ ಹೊಸಬಳು ಗಂಟನ್ನು ಗಂಟಾಗಿಯೇ ಒಳಗೊಯ್ದಿದ್ದಳು. ಅಕ್ಕ ದಾರಿ ತಪ್ಪಿರಲಿಲ್ಲ, ಬಸ್ಸು ಮರೆತಿರಲಿಲ್ಲ. ತನ್ನ ಕೆಲಸ ಮುಗಿಯಲೆಂದು ಕಾದಿದ್ದಳು, ಅಷ್ಟೇ.

ಮಡಿವಾಳಮ್ಮ ಒಳಗೆ ಹೋಗಿ ದುಪ್ಪಟಿ ತಂದು ಅವಳ ಕೈಗೆ ಕೊಟ್ಟರು. ಅಕ್ಕ ಅದನ್ನು ಮೊದಲು ಎರಡು, ಆಮೇಲೆ ನಾಲ್ಕು ಮಡಿಕೆ ಮಾಡಿ, ಕಂಕುಳಲ್ಲಿ ಇಟ್ಟುಕೊಂಡು ಎದ್ದಳು. ಆಮೇಲೆಯೇ ನೀರು ಕುಡಿದಳು.

ಇದನ್ನೆಲ್ಲ ಇವತ್ತು ಇಷ್ಟು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಅವತ್ತು ನನಗೆ ಕಂಡದ್ದು ಆ ಒಡೆದ ತುಟಿ ಮಾತ್ರ. ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ನಿಂತಿದ್ದವು, ಒಂದು ಬಳ್ಳಾರಿಗೆ, ಒಂದು ಸಿರುಗುಪ್ಪಕ್ಕೆ. ಅಕ್ಕ ಬಳ್ಳಾರಿ ಬಸ್ಸಿನ ಕಡೆ ನಡೆದಳು. ನಾನು ರಟ್ಟೆ ಹಿಡಿದು ಸಿರುಗುಪ್ಪದ ಬಸ್ಸಿಗೆ ಎಳೆದೆ. ಅವಳು ಕೊರಳಿನ ಬೀಗದ ಕೈ ಹಿಡಿದು ತೋರಿಸಿದಳು, “ನನ್ ಮನಿ, ನನ್ ಮನಿ,” ಅಂದಳು. ಬಸ್ಸು ಹತ್ತಿ ಕೂತ ಮೇಲೆ ಮಡಿವಾಳಮ್ಮ ಕಿಟಕಿಯ ಹತ್ತಿರ ಏನೋ ಹೇಳಲು ಬಂದರು. ನಾನು ಕಿಟಕಿ ಮುಚ್ಚಿದೆ.

ಹದಿನೈದು ದಿನ ಬಿಟ್ಟು ಅವರು ಮತ್ತೆ ನಮ್ಮ ಮನೆಗೆ ಬಂದರು. ಬಾಗಿಲಿಗೆ ಹೊಸ ಬೀಗ ಹಾಕಿಸಿದ್ದು ನೋಡಿದರು.

“ತಪ್ಪು ನಂದು ತಂಗಿ. ಕೊಡಲಿಲ್ಲಂದ್ರ ಬಿಟ್ಟು ಬಾ ಅಂತ ಹೇಳಾಕ ಮರತೆ. ಈಗ ಅದನ್ನ ಕಲಸ್ತೀನಿ. ಕಳಸು.”

“ನನಗ ಹೆದರಿಕಿ ಆಕ್ಕೈತಿ.”

“ಹೆದರಿಕಿ ನಿಂದು. ಬೀಗ ಹಾಕಿದ್ದು ಆಕಿಗೆ.”

ನಾನು ಕಳಿಸಲಿಲ್ಲ. ಅವರು ಅಕ್ಕನ ತಲೆ ನೇವರಿಸಿ ಹೋದರು. ಆ ಖೋಲಿಯನ್ನು ಒಂದು ವರ್ಷ ಯಾರಿಗೂ ಬಾಡಿಗೆಗೆ ಕೊಡಲಿಲ್ಲವಂತೆ. ಬೆಳಗ್ಗೆ ಎದ್ದು ಗೋಡೆ ಬಡಿಯುತ್ತಿದ್ದರು ಅಂತಲೂ ಯಾರೋ ಹೇಳಿದರು. ನಿಜವೋ ಸುಳ್ಳೋ...

ಅಕ್ಕ ಮೊದಮೊದಲು ಬಾಗಿಲು ಬಡಿದಳು. ಆಮೇಲೆ ಬಿಟ್ಟಳು. ಹೊಂದಿಕೊಂಡಳು ಅಂತ ನಾನು ಸಮಾಧಾನಪಟ್ಟೆ. ನಾಲ್ಕೈದು ವರ್ಷವಾದ ಮೇಲೆ ಒಂದು ದಿನ ಸಾಲಿಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದಾಗ, ಬೀಗ ಹಾಕಿಯೇ ಇಲ್ಲ ಅಂತ ಫಕ್ಕನೆ ನೆನಪಾಯಿತು. ಚಪ್ಪಲಿ ಬಿಟ್ಟು ಓಡಿದೆ. ದಾರಿಯುದ್ದಕ್ಕೂ ಕಾಲುವೆಯ ನೀರೇ ಕಣ್ಣ ಮುಂದೆ. ಮನೆಯ ಬಾಗಿಲು ಹಾರು ಹೊಡೆದಿತ್ತು. ಯಾರದೋ ಆಡು ಒಳಗೆ ನಿಂತು ಬುಟ್ಟಿಯ ಸೊಪ್ಪು ತಿನ್ನುತ್ತಿತ್ತು. ಅಕ್ಕ ನಾನು ಬೆಳಗ್ಗೆ ಕೂರಿಸಿದ ಜಾಗದಲ್ಲೇ ಕೂತು ಬೀದಿ ನೋಡುತ್ತಿದ್ದಳು.

“ಅಕ್ಕ, ಬಾಗ್ಲ ತಗದಿತ್ತಲ್ಲ?”

“ನೀ ಹೋಗು ಅಂದಿಲ್ಲ,” ಅಂದಳು.

ಅವಳು ಎಲ್ಲಿ ಹೋಗಿಬಿಡುತ್ತಾಳೋ ಅಂತ ಅಷ್ಟು ವರ್ಷ ಹೆದರಿದವಳು ನಾನು. ಅವಳು ಹೋಗದೆ ಇದ್ದದ್ದಕ್ಕೆ ಅವತ್ತು ಹೆದರಿದಷ್ಟು ಯಾವತ್ತೂ ಹೆದರಿರಲಿಲ್ಲ.

ಮರುದಿನವೇ ಅವಳನ್ನು ಕರೆದುಕೊಂಡು ಬಳ್ಳಾರಿಗೆ ಹೋಗಬೇಕಿತ್ತು. ಹೋಗಲಿಲ್ಲ. ಮಡಿವಾಳಮ್ಮನ ಮುಖ ನೋಡಲು ಭಯ. ಇವತ್ತು, ನಾಳೆ ಅಂತ ದಿನ ನೂಕಿದೆ. ಕೊನೆಗೆ ಹೋದಾಗ ಚಪ್ಪರ ಕಿತ್ತಿದ್ದರು. ಹಿಂದಿನ ಶ್ರಾವಣದಲ್ಲೇ ತೀರಿಕೊಂಡರು ಅಂತ ಎದುರು ಮನೆಯವರು ಹೇಳಿದರು. ಖೋಲಿಯಲ್ಲಿ ಬೇರೆ ಯಾರದೋ ಸಂಸಾರವಿತ್ತು. ಅಕ್ಕ ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ತಾನೇ ನನ್ನ ಕೈ ಹಿಡಿದುಕೊಂಡಳು.

ಈಗ ಅಕ್ಕನೂ ಇಲ್ಲ. ಸಿರುಗುಪ್ಪದ ಮಂದಿ ಇವತ್ತಿಗೂ ನನ್ನನ್ನು ಹೊಗಳುತ್ತಾರೆ. ಒಡಹುಟ್ಟಿದವಳನ್ನು ಕಣ್ಣರೆಪ್ಪೆಯಂತೆ ಕಾಯ್ದಿರಿ ಟೀಚರ್, ಒಂದು ಗಾಯ ಆಗಗೊಡಲಿಲ್ಲ ಅನ್ನುತ್ತಾರೆ. ಹೋದ ವಾರವೂ ಮದುವೆಮನೆಯೊಂದರಲ್ಲಿ ಒಬ್ಬಾಕೆ ನಾಲ್ಕು ಜನರ ಮುಂದೆ ಹಾಗೆಯೇ ಅಂದಳು. ನಾನು ತಲೆ ತಗ್ಗಿಸಿ ಹೂಂ ಅಂದೆ. ಇಲ್ಲ ಅನ್ನಲು ನನಗೆ ಇನ್ನೂ ಧೈರ್ಯ ಬಂದಿಲ್ಲ.